ಟಣ್ ಎನ್ನುವ ಹಕ್ಕು ಯಾರದು?

2023ರ ಅಕ್ಟೋಬರ್ 12ರಂದು, ಹಗಲು ಹನ್ನೆರಡರ ಆಸುಪಾಸಿನಲ್ಲಿ, ಕರ್ನಾಟಕದ ಫೋನುಗಳು ಒಟ್ಟಿಗೇ ಕಿರುಚಿಕೊಂಡವು. ಬಸ್ಸಿನಲ್ಲಿದ್ದವರು, ಬ್ಯಾಂಕಿನ ಸಾಲಿನಲ್ಲಿ ನಿಂತವರು, ಪಾಠ ಮಾಡುತ್ತಿದ್ದ ಮೇಷ್ಟ್ರುಗಳು ಬೆಚ್ಚಿ ಜೇಬಿಗೆ ಕೈ ಹಾಕಿದರು. ಭೂಕಂಪವಾಗಿರಲಿಲ್ಲ, ಯಾವ ಅಣೆಕಟ್ಟೂ ಒಡೆದಿರಲಿಲ್ಲ. ಆಪತ್ತು ಬಂದಾಗ ಒಂದು ಪ್ರದೇಶದ ಅಷ್ಟೂ ಫೋನುಗಳಿಗೆ ಏಕಕಾಲಕ್ಕೆ ಎಚ್ಚರಿಕೆ ಮುಟ್ಟಿಸಲು ಆಗುತ್ತದೆಯೇ ಎಂದು ದೂರಸಂಪರ್ಕ ಇಲಾಖೆ ಮಾಡಿ ನೋಡಿದ ಪರೀಕ್ಷೆ ಅದು. ಕೆಲವರು ಬೈದುಕೊಂಡರು, ಕೆಲವರು ನಕ್ಕರು. ಆದರೆ ಆ ಸದ್ದಿನಲ್ಲಿ ಒಂದು ನ್ಯಾಯವಿತ್ತು. ಎಚ್ಚರಿಕೆಯ ಗಂಟೆ ಇರುವುದೇ ಬೆಚ್ಚಿಸಲು. ನಿಜವಾದ ಪ್ರವಾಹದ ದಿನ ಅದು ಬೆಚ್ಚಿಸದೆ ಹೋದರೆ ಅನಾಹುತ.

ನಮ್ಮ ಕಷ್ಟವೆಲ್ಲ ಉಳಿದ ದಿನಗಳದ್ದು. ಚಪ್ಪಲಿಯ ಮೇಲೆ ಶೇ 60 ರಿಯಾಯಿತಿ ಎಂದು ಒಂದು ಟಣ್. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೊರಿಯರ್ ಹುಡುಗ ನಿಂತಿದ್ದಾನೆ ಎಂದು ಇನ್ನೊಂದು. ಸೋದರತ್ತೆಯ ಶುಭೋದಯದ ಗುಲಾಬಿ, ಕೇಳದೇ ಮಂಜೂರಾದ ಸಾಲ, ಮ್ಯಾನೇಜರರ ಮೇಲ್, ಮೂರು ವರ್ಷದ ಹಿಂದೆ ಒಮ್ಮೆ ಟಿಕೆಟ್ ಬುಕ್ ಮಾಡಿದ ಆ್ಯಪಿನ ‘ನಿಮ್ಮನ್ನು ನೆನೆಯುತ್ತಿದ್ದೇವೆ’. ಇವೆಲ್ಲಕ್ಕೂ ಒಂದೇ ನಡುಕ, ಒಂದೇ ಸದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಎಂಬ ಆ್ಯಪ್ ಇದೆ. ಮಿಂಚು ಬಡಿಯುವ ಅಪಾಯವಿದ್ದರೆ ಹೊಲದಲ್ಲಿರುವ ರೈತನಿಗೆ ಅದು ಮುನ್ಸೂಚನೆ ಕೊಡುತ್ತದೆ. ಆ ಸೂಚನೆಯೂ ಇದೇ ಸಾಲಿನಲ್ಲಿ, ಚಪ್ಪಲಿ ಮಾರುವವನ ಹಿಂದೆಯೋ ಮುಂದೆಯೋ ನಿಂತು ಬರಬೇಕು. ದಿನವಿಡೀ ಸುಮ್ಮಸುಮ್ಮನೆ ನಡುಗುವ ಫೋನನ್ನು ಜೇಬಿನಿಂದ ತೆಗೆದು ನೋಡುವುದನ್ನೇ ಬಿಟ್ಟ ರೈತನನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ನೋಟಿಫಿಕೇಶನ್ನಿನ ಒತ್ತಡ ಎಂದಕೂಡಲೇ ನಾವು ಬೈಯುವುದು ಸದ್ದನ್ನು, ಇಲ್ಲವೇ ನಮ್ಮದೇ ಚಪಲವನ್ನು. ನನ್ನ ಮಟ್ಟಿಗೆ ಪ್ರಶ್ನೆ ಬೇರೆ: ಮಾಡುತ್ತಿರುವ ಕೆಲಸವನ್ನು ಬಿಡಿಸಿ ನಮ್ಮನ್ನು ಕರೆಯುವ ಹಕ್ಕನ್ನು ಯಾರ್‍ಯಾರಿಗೆ ಕೊಟ್ಟಿದ್ದೇವೆ, ಅದನ್ನು ಯಾವಾಗ ಕೊಟ್ಟೆವು?

ಕಳಿಸುವವನಿಗೆ ಬಿಟ್ಟಿ

ತಂತಿಯ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಪದಕ್ಕಿಷ್ಟು ಎಂದು ದುಡ್ಡು ಎಣಿಸಬೇಕಿತ್ತು. ಆದ್ದರಿಂದ ಸಾವು, ಹೆರಿಗೆ, ಕೆಲಸದ ಆರ್ಡರು ಇಂಥವು ಮಾತ್ರ ತಂತಿಯಲ್ಲಿ ಬರುತ್ತಿದ್ದವು. ಉಳಿದದ್ದು ಕಾರ್ಡಿನಲ್ಲಿ ಸಾವಧಾನವಾಗಿ ಬರುತ್ತಿತ್ತು. ಊರಿಗೆ ತಂತಿ ಬಂತೆಂದರೆ ಒಡೆಯುವ ಮೊದಲೇ ಮನೆಯ ಹೆಂಗಸರು ಅಳಲು ಶುರು ಮಾಡುತ್ತಿದ್ದರು ಎಂದು ಹಿರಿಯರು ಹೇಳುವುದುಂಟು. 2013ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ಆ ಸೇವೆಯನ್ನು ಮುಚ್ಚಿತು. ತಂತಿ ಹೋದದ್ದಕ್ಕೆ ಅಳಬೇಕಿಲ್ಲ. ಆದರೆ ಅದರ ಜತೆಗೆ ‘ಇದು ಅಷ್ಟು ಮುಖ್ಯವೇ?’ ಎಂದು ಕಳಿಸುವವನು ತನ್ನನ್ನು ತಾನೇ ಕೇಳಿಕೊಳ್ಳುವ ಆ ಒಂದು ಕ್ಷಣವೂ ಹೋಯಿತು.

ಇಂದಿನ ವ್ಯವಸ್ಥೆ ಬಂದದ್ದು ಎರಡು ಹೆಜ್ಜೆಗಳಲ್ಲಿ. 1999ರಲ್ಲಿ ಕೆನಡಾದ ಕಂಪನಿಯೊಂದು ಬ್ಲ್ಯಾಕ್‌ಬೆರಿ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಇ-ಮೇಲ್ ನೋಡಬೇಕಾದರೆ ನಾವು ಅದರ ಬಳಿಗೆ ಹೋಗಬೇಕಿತ್ತು. ಅಲ್ಲಿಂದ ಮುಂದೆ ಮೇಲ್ ತಾನಾಗಿ ಸೊಂಟದ ಪಟ್ಟಿಗೆ ಬಂದು ತಟ್ಟತೊಡಗಿತು. ಎರಡನೆಯದು 2009ರ ಜೂನ್. ಯಾವುದೇ ಆ್ಯಪ್ ತೆರೆದಿರಲಿ ಮುಚ್ಚಿರಲಿ, ತನ್ನ ಸರ್ವರಿನ ಮೂಲಕ ಫೋನನ್ನು ತಟ್ಟಿ ಎಬ್ಬಿಸಬಹುದು ಎಂಬ ಸೌಲಭ್ಯವನ್ನು ಆ್ಯಪಲ್ ಐಫೋನಿಗೆ ತಂದಿತು. ಬೆನ್ನಲ್ಲೇ ಗೂಗಲ್ ಕೂಡ ಆ್ಯಂಡ್ರಾಯ್ಡಿಗೆ ತಂದಿತು. ಇದರ ಮೂಲ ಉದ್ದೇಶ ಬ್ಯಾಟರಿ ಉಳಿಸುವುದು. ಹತ್ತಾರು ಆ್ಯಪುಗಳು ಹಿಂದೆ ಕೂತು ‘ಏನಾದರೂ ಬಂತೇ, ಬಂತೇ’ ಎಂದು ಕೇಳುತ್ತಿರುವ ಬದಲು ಎಲ್ಲಕ್ಕೂ ಸೇರಿ ಒಂದೇ ದಾರಿ ತೆರೆದಿಟ್ಟರೆ ಸಾಕು ಎಂಬ ಜಾಣತನ. ಬ್ಯಾಟರಿ ಉಳಿಯಿತು. ಖರ್ಚಾಗತೊಡಗಿದ್ದು ನಮ್ಮ ಗಮನ.

ವಾಟ್ಸ್‌ಆ್ಯಪಿನ ಹುಟ್ಟು ಕೂಡ ಈ ಟಣ್‌ನಿಂದಲೇ. 2009ರಲ್ಲಿ ಜಾನ್ ಕೂಮ್ ಅದನ್ನು ಆರಂಭಿಸಿದ್ದು ಮೆಸೇಜು ಕಳಿಸಲು ಅಲ್ಲ. ‘ಮೀಟಿಂಗಿನಲ್ಲಿದ್ದೇನೆ’, ‘ಜಿಮ್ಮಿನಲ್ಲಿದ್ದೇನೆ’ ಎಂದು ಹೆಸರಿನ ಮುಂದೆ ಸ್ಥಿತಿ ತೋರಿಸುವ ಪುಟ್ಟ ಆ್ಯಪ್ ಅದು. ‘ಈಗ ಕರೆ ಮಾಡಬೇಡಿ’ ಎಂದು ಹೇಳಲೆಂದೇ ಹುಟ್ಟಿದ್ದು ಎಂದರೂ ತಪ್ಪಿಲ್ಲ. ಅದೇ ಬೇಸಿಗೆಯಲ್ಲಿ ಆ್ಯಪಲ್‌ನ ಸೌಲಭ್ಯ ಬಂತು. ಒಬ್ಬ ಸ್ಥಿತಿ ಬದಲಿಸಿದರೆ ಗೆಳೆಯರೆಲ್ಲರ ಫೋನು ಟಣ್ ಎನ್ನತೊಡಗಿತು. ಜನ ಆ ಸ್ಥಿತಿಯಲ್ಲೇ ತಮಾಷೆ ಬರೆದು ಒಬ್ಬರಿಗೊಬ್ಬರು ಉತ್ತರ ಕೊಡಲು ಹಿಡಿದರು. ಹಾಗೆ ಅದು ಮೆಸೇಜಿನ ಆ್ಯಪ್ ಆಯಿತು. ಕರೆಯಬೇಡಿ ಎನ್ನಲು ಹುಟ್ಟಿದ್ದು ಜಗತ್ತಿನ ಅತಿ ದೊಡ್ಡ ಕರೆಗಂಟೆಯಾಯಿತು.

ಅಂಗಡಿಗಳಲ್ಲಿರುವ ಸೌಂಡ್ ಬಾಕ್ಸನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತರಕಾರಿ ತೂಗುತ್ತಿರುವ ಹೆಂಗಸು ತಲೆ ಎತ್ತಬೇಕಿಲ್ಲ. ‘ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಅದೇ ಕೂಗಿ ಹೇಳುತ್ತದೆ. ಏನಾಯಿತೆಂಬುದು ಪೂರ್ತಿ ತಿಳಿಯಿತು, ಉತ್ತರ ಕೊಡಬೇಕಿಲ್ಲ, ತಕ್ಕಡಿ ಕೈಯಲ್ಲೇ ಇದೆ. ನಾನು ಕಂಡ ನೋಟಿಫಿಕೇಶನ್ನುಗಳಲ್ಲಿ ಅತ್ಯಂತ ಸಭ್ಯವಾದದ್ದು ಅದೇ.

ಉತ್ತರಿಸದಿದ್ದರೂ ಬೆಲೆ ಇದೆ

‘ನಾನೇನು ಎಲ್ಲ ಮೆಸೇಜಿಗೂ ಉತ್ತರಿಸುವುದಿಲ್ಲಪ್ಪ, ಕೇಳಿ ಸುಮ್ಮನಿರುತ್ತೇನೆ’ ಎನ್ನುವವರು ಬಹಳ ಮಂದಿ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಧೈರ್ಯಕ್ಕೆ ತಣ್ಣೀರು ಎರಚುತ್ತದೆ. ಗಮನ ಬೇಡುವ ಒಂದು ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ನಡುವೆ ಅವರ ಫೋನುಗಳಿಗೆ ಕರೆಯನ್ನೋ ಮೆಸೇಜನ್ನೋ ಕಳಿಸಿದರು. ಫೋನು ಮುಟ್ಟದಿದ್ದವರು ಕೂಡ ತಪ್ಪು ಮಾಡತೊಡಗಿದರು. ಸದ್ದು ಕಿವಿಗೆ ಬಿದ್ದರೆ ಸಾಕು, ಯಾರಿರಬಹುದು, ಏನಿರಬಹುದು ಎಂದು ಮನಸ್ಸು ಎದ್ದು ಹೊರಡುತ್ತದೆ. ಕೈ ಕೆಲಸದ ಮೇಲಿದ್ದರೆ ಏನು ಬಂತು?

ಬಾರದ ಸದ್ದೂ ಕೇಳಿಸುತ್ತದೆ. ಫೋನು ಮೇಜಿನ ಮೇಲಿದ್ದರೂ ತೊಡೆಯ ಮೇಲೆ ನಡುಗಿದಂತಾಗುವುದು ನಮ್ಮಲ್ಲಿ ಹಲವರಿಗೆ ಗೊತ್ತು. ಮ್ಯಾಸಚೂಸೆಟ್ಸಿನ ಆಸ್ಪತ್ರೆಯೊಂದರ ವೈದ್ಯಕೀಯ ಸಿಬ್ಬಂದಿಯನ್ನು ಕೇಳಿ ಮಾಡಿದ ಸಮೀಕ್ಷೆ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಉತ್ತರಿಸಿದವರಲ್ಲಿ ಶೇ 68 ಮಂದಿಗೆ ಈ ಹುಸಿ ನಡುಕದ ಅನುಭವವಿತ್ತು. ಸದಾ ಕರೆಗೆ ಕಾದಿರುವ ಮೈ ಬಟ್ಟೆಯ ಸರಿದಾಟವನ್ನೂ ಕರೆಯೆಂದು ಓದಿಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಗ್ಲೋರಿಯಾ ಮಾರ್ಕ್ ಎರಡು ದಶಕಕ್ಕೂ ಹೆಚ್ಚು ಕಾಲ ಕಚೇರಿಗಳಲ್ಲಿ ಜನರ ಬೆನ್ನ ಹಿಂದೆ ಕೂತು ಇದನ್ನೇ ಅಳೆದವರು. 2012ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನವೊಂದು ಚಿಕ್ಕದು, ಬರೀ ಹದಿಮೂರು ನೌಕರರದ್ದು; ಹಾಗೆಂದೇ ಅದರ ಮೇಲೆ ಬಹಳ ಭಾರ ಹೊರಿಸಬಾರದು. ಆದರೆ ವಿವರ ಸ್ವಾರಸ್ಯಕರ. ಐದು ದಿನ ಅವರ ಇ-ಮೇಲ್ ಕಿತ್ತುಕೊಂಡು, ಎದೆಗೆ ಹೃದಯಬಡಿತದ ಮಾಪಕ ಕಟ್ಟಿದರು. ಮೇಲ್ ಇದ್ದಾಗ ಗಂಟೆಗೆ 37 ಸಲ ಕಂಪ್ಯೂಟರಿನ ಪರದೆಯಲ್ಲಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುತ್ತಿದ್ದವರು ಮೇಲ್ ಇಲ್ಲದಾಗ 18 ಸಲಕ್ಕೆ ಇಳಿದರು. ಹೃದಯಬಡಿತದ ಏರಿಳಿತವೂ ಒತ್ತಡ ತಗ್ಗಿದ್ದನ್ನು ತೋರಿಸಿತು. ಅವರದೇ 2008ರ ಇನ್ನೊಂದು ಪ್ರಯೋಗ ಹೇಳಿದ್ದು ಇನ್ನೂ ಮುಖ್ಯ: ನಡುನಡುವೆ ಅಡ್ಡಿಯಾದವರು ಕೆಲಸವನ್ನು ನಿಧಾನ ಮಾಡಲಿಲ್ಲ, ಬೇಗ ಮುಗಿಸಿದರು. ಕಳೆದುಹೋದ ಹೊತ್ತನ್ನು ತುಂಬಿಕೊಳ್ಳಲು ಓಡಿದರು. ಒತ್ತಡ, ಕಿರಿಕಿರಿ ಹೆಚ್ಚಿಸಿಕೊಂಡರು. ಮೇಲಧಿಕಾರಿಯ ಕಣ್ಣಿಗೆ ಕೆಲಸ ಮುಗಿದಿರುತ್ತದೆ, ಅಡ್ಡಿಯಿಂದ ನಷ್ಟವಾದದ್ದು ಕಾಣುವುದೇ ಇಲ್ಲ. ಅದು ಕಾಣುವುದು ಸಂಜೆ ಮನೆಗೆ ಬಂದವರ ಮುಖದಲ್ಲಿ.

(ಒಮ್ಮೆ ಅಡ್ಡಿಯಾದರೆ ಮರಳಿ ಗಮನ ಕೂಡಲು 23 ನಿಮಿಷ ಬೇಕು ಎಂಬ ಲೆಕ್ಕವೊಂದು ಮಾರ್ಕ್ ಹೆಸರಿನಲ್ಲಿ ಊರೆಲ್ಲ ಸುತ್ತುತ್ತಿದೆ. ಪ್ರತಿ ಟಣ್‌ಗೂ 23 ನಿಮಿಷ ಕಳೆಯುವುದಾದರೆ ನಮ್ಮಲ್ಲಿ ಯಾರಿಗೂ ಬೆಳಗಿನ ಕಾಫಿಯೂ ಮುಗಿಯುತ್ತಿರಲಿಲ್ಲ. ಬಿಟ್ಟ ಕೆಲಸಕ್ಕೆ ಮರಳುವ ಮುನ್ನ ಕಚೇರಿಯವರು ನಡುವೆ ಬೇರೆರಡು ಕೆಲಸಕ್ಕೆ ಕೈ ಹಾಕಿ ಬರುತ್ತಾರೆ. ಆ ಹೊತ್ತೂ ಅಂಥ ಲೆಕ್ಕದಲ್ಲಿ ಸೇರಿರುತ್ತದೆ.)

ಹಾಗಾದರೆ ಎಲ್ಲವನ್ನೂ ಆರಿಸಿಬಿಟ್ಟರೆ ಆಯಿತಲ್ಲ? 2019ರಲ್ಲಿ ನಿಕೋಲಸ್ ಫಿಟ್ಜ್, ಕೋಸ್ತಾದಿನ್ ಕುಶ್ಲೇವ್ ಮತ್ತಿತರರು ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಗೇ ಉತ್ತರ ಹುಡುಕಿತು. ಎರಡು ವಾರ, 237 ಮಂದಿ. ಕೆಲವರಿಗೆ ನೋಟಿಫಿಕೇಶನ್ನುಗಳು ಎಂದಿನಂತೆ ಬಂದವು, ಕೆಲವರಿಗೆ ಗಂಟೆಗೊಮ್ಮೆ ಕಟ್ಟಾಗಿ ಬಂದವು, ಕೆಲವರಿಗೆ ದಿನಕ್ಕೆ ಮೂರೇ ಸಲ, ಇನ್ನು ಕೆಲವರಿಗೆ ಬರಲೇ ಇಲ್ಲ. ಮೂರು ಸಲದವರು ಸುಖವಾಗಿದ್ದರು. ಗಮನ, ಲವಲವಿಕೆ, ಎಲ್ಲವೂ ತಮ್ಮ ಹಿಡಿತದಲ್ಲಿದೆ ಎಂಬ ಭಾವ ಹೆಚ್ಚಿತ್ತು, ಒತ್ತಡ ಕಡಿಮೆಯಿತ್ತು. ಪೂರ್ತಿ ನಿಂತವರಿಗೆ ಮಾತ್ರ ಆ ಸುಖ ಸಿಗಲಿಲ್ಲ. ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಅವರಲ್ಲಿ ಏರಿತು.

ಸದ್ದು ನಿಂತರೂ ಚಿಂತೆ ನಿಲ್ಲದಿದ್ದರೆ, ಆ ಚಿಂತೆ ಸದ್ದಿನದಲ್ಲ ಎಂದಾಯಿತು. ಪರದೆಯ ಆಚೆ ಒಬ್ಬರು ಕಾದು ಕೂತಿದ್ದಾರೆ. 2014ರ ನವೆಂಬರಿನಲ್ಲಿ ವಾಟ್ಸ್‌ಆ್ಯಪಿಗೆ ಬ್ಲೂ ಟಿಕ್ ಬಂದಾಗಿನಿಂದ ನಾವು ಓದಿದ್ದು ಅವರಿಗೆ ಗೊತ್ತು. ಗೊತ್ತೆಂಬುದು ನಮಗೂ ಗೊತ್ತು. ‘ನೋಡಿಯೂ ಉತ್ತರ ಕೊಡಲಿಲ್ಲ’ ಎಂಬುದು ಬೀಗರ ನಡುವೆ ಮನಸ್ತಾಪಕ್ಕೂ, ಕಚೇರಿಯಲ್ಲಿ ವಿವರಣೆ ಕೇಳುವುದಕ್ಕೂ ಸಾಕಾಗುವಷ್ಟು ದೊಡ್ಡ ಅಪರಾಧವಾಗಿ ಬೆಳೆದಿದೆ.

‘ಓಕೆ ಸರ್’

ಈ ಒತ್ತಡ ಎಂದಾಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು ಬೆಂಗಳೂರಿನ ಐಟಿ ಉದ್ಯೋಗಿ. ಅವರ ಪಾಡು ಇದ್ದೇ ಇದೆ: ಇಲ್ಲಿ ಊಟದ ಹೊತ್ತಾದಾಗ ಅಮೆರಿಕದಲ್ಲಿ ಬೆಳಗಾಗುತ್ತದೆ, ಲ್ಯಾಪ್‌ಟಾಪ್ ಮತ್ತೆ ತೆರೆಯುತ್ತದೆ. ಆದರೆ ನಿಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿಯ ಫೋನನ್ನು ಒಮ್ಮೆ ನೋಡಿ. ಶಾಲೆಯದೊಂದು ಗ್ರೂಪು, ಕ್ಲಸ್ಟರಿನದೊಂದು, ತಾಲ್ಲೂಕಿನದೊಂದು, ಪೋಷಕರದೊಂದು, ಎಸ್‌ಡಿಎಂಸಿಯದೊಂದು, ಸಂಘದ್ದೊಂದು. ಯಾವುದೋ ತರಬೇತಿ ಮುಗಿದು ವರ್ಷವಾದರೂ ಮುಚ್ಚದೆ ಉಳಿದ ಗ್ರೂಪು ಬೇರೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಬ್ಯಾಂಕಿನ ಕಿರಿಯ ಅಧಿಕಾರಿ ಎಲ್ಲರದೂ ಹೆಚ್ಚುಕಡಿಮೆ ಇದೇ ಕಥೆ. ‘ಈ ಕೂಡಲೇ ನಮೂನೆ ಭರ್ತಿ ಮಾಡಿ ಕಳುಹಿಸುವುದು’, ‘ಜಿಪಿಎಸ್ ಫೋಟೊ ಹಾಕದವರ ಹೆಸರನ್ನು ಮೇಲಿನವರ ಗಮನಕ್ಕೆ ತರಲಾಗುವುದು’.

ಕಾಗದದ ಕಾಲದಲ್ಲೂ ‘ಅತಿ ಜರೂರು’ ಎಂಬ ಮೊಹರು ಇತ್ತು. ಅದನ್ನು ಒತ್ತುವ ಮೊದಲು ಒಬ್ಬ ಗುಮಾಸ್ತ ಪತ್ರ ಟೈಪು ಮಾಡಬೇಕಿತ್ತು, ಸಾಹೇಬರು ಸಹಿ ಹಾಕಬೇಕಿತ್ತು, ಟಪಾಲು ವಹಿಯಲ್ಲಿ ನಂಬರು ಬೀಳಬೇಕಿತ್ತು. ಅಷ್ಟರಲ್ಲಿ ಅರ್ಧ ಜರೂರು ತಾನೇ ಇಳಿಯುತ್ತಿತ್ತು. ಈಗ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕ್ಲಸ್ಟರಿಗೆ ಒಂದೇ ಮೆಸೇಜು ಫಾರ್ವರ್ಡ್ ಆಗುತ್ತಾ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬರು ಗಡುವನ್ನು ಒಂದು ದಿನ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ತಮಗೆ ಮಾತು ಬರಬಾರದೆಂದು. ಮೇಲೆ ವಾರದ ಗಡುವಿದ್ದದ್ದು ಕೆಳಗೆ ಮುಟ್ಟುವಾಗ ‘ಇಂದು ಸಂಜೆ ಐದರೊಳಗೆ’ ಆಗಿರುತ್ತದೆ. ಇದು ತಂತ್ರಜ್ಞಾನದ ತಪ್ಪಲ್ಲ, ಕಚೇರಿಯ ಭಯದ ಸಂಸ್ಕೃತಿ. ಫೋನು ಅದಕ್ಕೆ ರಾತ್ರಿಪಾಳಿಯನ್ನೂ ಸೇರಿಸಿಕೊಟ್ಟಿದೆ.

ಆಮೇಲೆ ಉತ್ತರಗಳ ಸರದಿ. ಅರವತ್ತು ಜನರ ಗ್ರೂಪಿನಲ್ಲಿ ಎಲ್ಲರೂ ಒಂದೊಂದು ‘ಓಕೆ ಸರ್’ ಹಾಕಿದರೆಂದು ಇಟ್ಟುಕೊಳ್ಳಿ. ಒಬ್ಬೊಬ್ಬರ ‘ಓಕೆ’ಯೂ ಉಳಿದ 59 ಫೋನುಗಳಿಗೆ ತಲುಪುತ್ತದೆ. ಗುಣಿಸಿದರೆ 3,540. ಒಂದೇ ಒಂದು ಸುತ್ತೋಲೆಗೆ ಇಷ್ಟು ಟಣ್. ಹಾಕದೆ ಇರುವಂತಿಲ್ಲ, ಓಕೆ ಅನ್ನದವರು ಯಾರೆಂದು ಎಣಿಸುವವರೂ ಇದ್ದಾರೆ. ‘ಮ್ಯೂಟ್ ಮಾಡಿ ಮಲಗಿ’ ಎಂಬ ಉಪದೇಶ ಈ ಶಿಕ್ಷಕಿಯ ಬಳಿ ಏನು ಕೆಲಸ ಮಾಡೀತು? ಮ್ಯೂಟ್ ಮಾಡುವ ಬಟನ್ ಅವರ ಫೋನಿನಲ್ಲಿದೆ, ಮಾಡುವ ಅಧಿಕಾರ ಅವರ ಕೈಯಲ್ಲಿಲ್ಲ. ಒತ್ತಡ ನಿರ್ವಹಣೆಯ ಬಹುಪಾಲು ಸಲಹೆಗಳು ಅಧಿಕಾರ ಇದ್ದವರು ಅಧಿಕಾರ ಇದ್ದವರಿಗಾಗಿ ಬರೆದವು ಎಂಬುದು ನನ್ನ ಹಳೆಯ ತಕರಾರು.

ತೀವ್ರ ನಿಗಾ ಘಟಕದ ಪಾಠ

ಗಂಟೆ ಅತಿಯಾದರೆ ಏನಾಗುತ್ತದೆ ಎಂಬುದನ್ನು ಆಸ್ಪತ್ರೆಗಳು ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿವೆ. ಐಸಿಯುನಲ್ಲಿ ಒಬ್ಬ ರೋಗಿಯ ಸುತ್ತ ಹೃದಯದ ಮಾನಿಟರು, ವೆಂಟಿಲೇಟರು, ಔಷಧ ಹನಿಸುವ ಪಂಪು ಎಲ್ಲವೂ ಬೀಪ್ ಎನ್ನುತ್ತಿರುತ್ತವೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರ ಏಪ್ರಿಲ್‌ನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಅದರ ಅಂದಾಜಿನಂತೆ ಈ ಬೀಪುಗಳಲ್ಲಿ ಶೇ 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ. ಕೇಳಿ ಕೇಳಿ ದಾದಿಯರ ಕಿವಿ ಜಡ್ಡುಗಟ್ಟುತ್ತದೆ, ಕೆಲವರು ಸದ್ದು ತಗ್ಗಿಸುತ್ತಾರೆ, ಕೆಲವರು ಆರಿಸುತ್ತಾರೆ. 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ಆ ಸಂಸ್ಥೆಗೆ ವರದಿಯಾಗಿದ್ದವು. ಅವುಗಳಲ್ಲಿ 80 ಸಾವಿನಲ್ಲಿ ಮುಗಿದವು. ಪರಿಹಾರವೆಂದು ಹೇಳಿದ್ದು ದಾದಿಯರಿಗೆ ಧ್ಯಾನ ಕಲಿಸಿ ಎಂದಲ್ಲ. ಯಾವ ಅಲಾರಂ ಬೇಕು, ಯಾವುದು ಬೇಡ ಎಂದು ಆಸ್ಪತ್ರೆಯೇ ಕೂತು ತೀರ್ಮಾನಿಸಲಿ ಎಂದು.

ಸಾಫ್ಟ್‌ವೇರ್ ಲೋಕಕ್ಕೂ ಈ ಬುದ್ಧಿ ಇದೆ. ದೊಡ್ಡ ಕಂಪನಿಗಳಲ್ಲಿ ಸರ್ವರ್ ಕೆಟ್ಟರೆ ರಾತ್ರಿ ಎದ್ದು ನೋಡಲು ‘ಆನ್‌ಕಾಲ್’ ಸರದಿ ಇರುತ್ತದೆ. ಈ ವಾರ ಒಬ್ಬರು, ಮುಂದಿನ ವಾರ ಇನ್ನೊಬ್ಬರು. ಉಳಿದವರು ನಿದ್ದೆ ಮಾಡುತ್ತಾರೆ. 2016ರಲ್ಲಿ ಗೂಗಲ್‌ನ ಎಂಜಿನಿಯರುಗಳು ಬರೆದ ಪುಸ್ತಕವೊಂದು ಈ ವೃತ್ತಿಯವರಿಗೆಲ್ಲ ಪರಿಚಿತ. ಹನ್ನೆರಡು ಗಂಟೆಯ ಒಂದು ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಘಟನೆಗಳಿಗೆ ಮನುಷ್ಯ ಓಡಬೇಕಾಗಿ ಬರಬಾರದು, ಕೈಯಿಂದ ಮಾಡಲು ಏನೂ ಇಲ್ಲದ ಅಲಾರಂ ಯಾರನ್ನೂ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಎಷ್ಟು ಒಳ್ಳೆಯ ನಿಯಮ! ತಮ್ಮ ಸಹೋದ್ಯೋಗಿಯ ನಿದ್ದೆಗೆ ಇಷ್ಟು ಲೆಕ್ಕ ಇಟ್ಟ ಇದೇ ಉದ್ಯಮ, ಗ್ರಾಹಕರ ನಿದ್ದೆಯ ವಿಷಯಕ್ಕೆ ಬಂದಾಗ ಯಾವ ಗಳಿಗೆಯಲ್ಲಿ ತಟ್ಟಿದರೆ ಹೆಚ್ಚು ಜನ ಆ್ಯಪ್ ತೆರೆಯುತ್ತಾರೆ ಎಂದು ಲೆಕ್ಕ ಹಾಕುತ್ತದೆ.

ಜಗಲಿ, ಪಡಸಾಲೆ, ಅಡುಗೆಮನೆ

ಇಷ್ಟಾದರೂ ನಮ್ಮ ಕೈಯಲ್ಲಿರುವುದು ಏನೂ ಇಲ್ಲ ಎಂದಲ್ಲ. ಹಳೆಯ ಮನೆಗಳಲ್ಲಿ ಬಂದವರನ್ನೆಲ್ಲ ಅಡುಗೆಮನೆಗೆ ಕರೆಯುತ್ತಿರಲಿಲ್ಲ. ವ್ಯಾಪಾರದವರು ಜಗಲಿಯಲ್ಲಿ ಕೂರುತ್ತಿದ್ದರು, ಪರಿಚಿತರು ಪಡಸಾಲೆಗೆ ಬರುತ್ತಿದ್ದರು, ಒಳಗೆ ಬರುವವರು ಬೆರಳೆಣಿಕೆಯಷ್ಟು. ಫೋನಿನಲ್ಲೂ ಹೀಗೆಯೇ ವಿಂಗಡಿಸಿಕೊಳ್ಳಬಹುದು.

ಮೊದಲು ಯಾರು ಎಷ್ಟು ಸಲ ಬಾಗಿಲು ತಟ್ಟುತ್ತಾರೆ ನೋಡಿ. ಆ್ಯಂಡ್ರಾಯ್ಡಿನ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನ ‘ಸ್ಕ್ರೀನ್ ಟೈಮ್’ ಎರಡೂ 2018ರಿಂದ ಈ ಲೆಕ್ಕ ಕೊಡುತ್ತಿವೆ. ಪಟ್ಟಿಯ ಮೇಲ್ತುದಿಯಲ್ಲಿರುವುದು ನಿಮ್ಮ ಆಪ್ತರಲ್ಲ ಎಂಬುದು ಒಂದೇ ನೋಟಕ್ಕೆ ತಿಳಿದೀತು. ವ್ಯಾಪಾರದ ಆ್ಯಪುಗಳನ್ನು ಜಗಲಿಗೆ ಅಟ್ಟಿ. ಇಲ್ಲೊಂದು ಸೂಕ್ಷ್ಮವಿದೆ: ಊಟ ತರಿಸುವ ಆ್ಯಪನ್ನು ಪೂರ್ತಿ ಬಾಯಿ ಮುಚ್ಚಿಸಿದರೆ ಊಟ ಬಾಗಿಲಿಗೆ ಬಂದದ್ದೂ ತಿಳಿಯುವುದಿಲ್ಲ. 2017ರ ಆ್ಯಂಡ್ರಾಯ್ಡ್ ಆವೃತ್ತಿಯಿಂದೀಚೆಗೆ ಒಂದೇ ಆ್ಯಪಿನ ನೋಟಿಫಿಕೇಶನ್ನುಗಳನ್ನು ಬಗೆಬಗೆಯಾಗಿ ಬಿಡಿಸಿಡಲು ಅವಕಾಶವಿದೆ. ನೋಟಿಫಿಕೇಶನ್ ಬಂದಾಗ ಅದರ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಸೆಟ್ಟಿಂಗ್ ತೆರೆಯುತ್ತದೆ. ಆ್ಯಪ್ ಮಾಡಿದವರು ಸಭ್ಯರಾಗಿದ್ದರೆ ‘ಆರ್ಡರ್’ ಬೇರೆ, ‘ಆಫರ್’ ಬೇರೆ ಇರುತ್ತದೆ. ಆಫರ್ ಆರಿಸಿ. ಬೇರೆ ಮಾಡಿರದಿದ್ದರೆ ಆ ಆ್ಯಪನ್ನೇ ಪೂರ್ತಿ ಆರಿಸಿ, ಊಟ ತರಿಸಿದ ದಿನ ನೀವೇ ತೆರೆದು ನೋಡಿ. ಆ್ಯಂಡ್ರಾಯ್ಡ್ 13 ಬಂದ ಮೇಲೆ ಹೊಸ ಆ್ಯಪು ನೋಟಿಫಿಕೇಶನ್ ಕಳಿಸಲು ನಿಮ್ಮನ್ನು ಕೇಳಲೇಬೇಕು. ಬೇಡ ಎಂದರೆ ಆ್ಯಪಿನ ಕೆಲಸ ನಿಲ್ಲುವುದಿಲ್ಲ, ನಿಶ್ಚಿಂತೆಯಿಂದ ಬೇಡ ಎನ್ನಿ.

ಮಾರಾಟದ ಎಸ್‌ಎಂಎಸ್, ಕರೆಗಳಿಗೆ ಟ್ರಾಯ್‌ನ 1909 ಇದೆ. ಆ ಸಂಖ್ಯೆಗೆ ಕರೆ ಮಾಡಿಯೋ ಎಸ್‌ಎಂಎಸ್ ಕಳಿಸಿಯೋ ಬೇಡವೆಂದು ನೋಂದಾಯಿಸಬಹುದು. ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಿ: ‘ಪಿ’ ಇದ್ದರೆ ಪ್ರಚಾರ, ‘ಎಸ್’ ಎಂದರೆ ಸೇವೆ, ‘ಟಿ’ ಎಂದರೆ ಹಣದ ವ್ಯವಹಾರ, ‘ಜಿ’ ಎಂದರೆ ಸರ್ಕಾರ. ವಾಟ್ಸ್‌ಆ್ಯಪಿನಲ್ಲಿ ಬರುವ ಜಾಹೀರಾತಿಗೆ ಮಾತ್ರ 1909 ತಾಗುವುದಿಲ್ಲ. ಅಲ್ಲಿ ಒಬ್ಬೊಬ್ಬರನ್ನೇ ಬ್ಲಾಕ್ ಮಾಡಬೇಕು.

ಅಡುಗೆಮನೆಯವರೆಗೆ ಬರುವವರು ಯಾರೆಂದು ನೀವೇ ಆರಿಸಿ. ಶಿವಮೊಗ್ಗದಲ್ಲಿ ಒಬ್ಬರೇ ಇರುವ ಅಮ್ಮ, ನ್ಯೂಜೆರ್ಸಿಯಲ್ಲಿರುವ ಮಗಳು. ರಾತ್ರಿ ಫೋನು ಆರಿಸಲು ಹೆದರುವವರ ಹೆದರಿಕೆ ನಿಜವಾದದ್ದೇ. ‘ಡು ನಾಟ್ ಡಿಸ್ಟರ್ಬ್’ ಹಾಕಿದಾಗಲೂ ಆಯ್ದ ಕೆಲವರ ಕರೆ ಮಾತ್ರ ಸದ್ದು ಮಾಡುವಂತೆ ಇಡಬಹುದು. ಅದೇ ಸಂಖ್ಯೆಯಿಂದ ಕೆಲವೇ ನಿಮಿಷಗಳಲ್ಲಿ ಎರಡನೇ ಸಲ ಕರೆ ಬಂದರೆ ಸದ್ದಾಗಲಿ ಎಂಬ ಆಯ್ಕೆಯೂ ಇದೆ. ಮನೆಯವರಿಗೆಲ್ಲ ‘ತುರ್ತಿದ್ದರೆ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡಿ’ ಎಂದು ಹೇಳಿಟ್ಟರೆ ನಿದ್ದೆ ಬರುತ್ತದೆ.

ನಡುವೆ ಉಳಿಯುವವರು ಪಡಸಾಲೆಯವರು: ಮೇಲ್, ಗ್ರೂಪು, ಸುದ್ದಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕುಶ್ಲೇವ್ ಮತ್ತು ಎಲಿಜಬೆತ್ ಡನ್ 124 ಮಂದಿಯ ಮೇಲೆ ಮಾಡಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಮೂರೇ ಸಲ ಮೇಲ್ ತೆರೆದ ವಾರ ಜನರ ಒತ್ತಡ ಇಳಿದಿತ್ತು. ಮನಸ್ಸು ಬಂದಾಗೆಲ್ಲ ತೆರೆದ ವಾರ ಹಾಗಾಗಲಿಲ್ಲ. ಮೂರಕ್ಕೆ ನಿಲ್ಲಿಸುವುದು ಅವರಿಗೂ ಕಷ್ಟವೇ ಆಯಿತಂತೆ. ಐಫೋನಿನಲ್ಲಿ 2021ರಿಂದ ನಿಗದಿತ ಹೊತ್ತಿಗೆ ಎಲ್ಲವನ್ನೂ ಕಟ್ಟಿ ಕೊಡುವ ವ್ಯವಸ್ಥೆಯೇ ಇದೆ. ಉಳಿದವರು ಸದ್ದು ಆರಿಸಿ, ಹೊತ್ತು ಗೊತ್ತುಮಾಡಿಕೊಂಡರೆ ಸಾಕು.

ಇಷ್ಟೆಲ್ಲ ಮಾಡಿಯೂ ಕೈ ತಾನಾಗಿ ಫೋನಿಗೆ ಹೋಗುತ್ತದೆ, ನಿದ್ದೆ ಕೆಡುತ್ತದೆ, ಕೆಲಸ ಕೆಡುತ್ತದೆ ಎನ್ನುವವರು ಸಂಕೋಚಪಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ‘ಶಟ್’ ಎಂಬ ಚಿಕಿತ್ಸಾಲಯ ಇದಕ್ಕೆಂದೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕಳಿಸುವವರ ಕಡೆಯಿಂದ

ಆ ಶಿಕ್ಷಕಿಗೆ ಇದರಲ್ಲಿ ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧ ಗ್ರೂಪಿನ ಅಡ್ಮಿನ್ ಆಗಿರುವ ಸಾಹೇಬರ ಬೆರಳಲ್ಲಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ 2011ರಲ್ಲಿ ತನ್ನ ಕೆಲವು ನೌಕರರ ಬ್ಲ್ಯಾಕ್‌ಬೆರಿಗಳಿಗೆ ಪಾಳಿ ಮುಗಿದು ಅರ್ಧ ಗಂಟೆಯಾದ ಮೇಲೆ ಮೇಲ್ ಹೋಗದಂತೆ ಸರ್ವರಿನಲ್ಲೇ ತಡೆ ಹಾಕಿತು. ಮನಸ್ಸು ಗಟ್ಟಿಮಾಡಿಕೊಳ್ಳುವ ಭಾರ ನೌಕರನಿಗೆ ಉಳಿಯಲಿಲ್ಲ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಹೊತ್ತಿನ ಆಚೆ ಸಂಪರ್ಕದಿಂದ ದೂರವಿರುವ ಹಕ್ಕು ಕಾನೂನಿನಲ್ಲಿದೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ 2018ರಲ್ಲಿ ಇಂಥ ಮಸೂದೆ ಮಂಡಿಸಿದರು, 2025ರ ಡಿಸೆಂಬರಿನಲ್ಲಿ ಮತ್ತೆ ಮಂಡಿಸಿದರು. ಖಾಸಗಿ ಸದಸ್ಯರ ಮಸೂದೆಯೊಂದು ಈ ದೇಶದಲ್ಲಿ ಕಾನೂನಾದದ್ದು 1970ರಲ್ಲೇ ಕೊನೆ. ಅದನ್ನು ನಂಬಿ ಕೂರುವಂತಿಲ್ಲ.

ಕಾನೂನಿಲ್ಲದೆಯೂ ಒಪ್ಪಂದ ಆಗಬಹುದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿನಲ್ಲಿ 2022ರ ಆಗಸ್ಟ್‌ನಲ್ಲಿ ಒಂದು ಪದ್ಧತಿ ಶುರುವಾಯಿತು. ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಎಂಟೂವರೆಯವರೆಗೆ ಊರಿಗೆ ಊರೇ ಟಿವಿ, ಫೋನು ಬದಿಗಿಡುತ್ತದೆ. ಒಬ್ಬ ಆರಿಸಿದರೆ ಅವನಿಗೆ ಆತಂಕ. ಊರೆಲ್ಲ ಆರಿಸಿದರೆ ತಪ್ಪಿಹೋಗಲು ಏನೂ ಉಳಿಯುವುದಿಲ್ಲ, ಉತ್ತರಕ್ಕೆ ಕಾಯುವವರೂ ಇರುವುದಿಲ್ಲ. 2019ರ ಪ್ರಯೋಗದಲ್ಲಿ ಪೂರ್ತಿ ಆರಿಸಿದವರಿಗೆ ಇಲ್ಲದೇ ಹೋದದ್ದು ಇದೇ.

ಆದ್ದರಿಂದ ಈ ಬರಹದ ಕೊನೆಯ ಮಾತು ಕಳಿಸುವವರಿಗೆ: ಬಿಇಒಗಳಿಗೆ, ತಹಸೀಲ್ದಾರರಿಗೆ, ಮ್ಯಾನೇಜರುಗಳಿಗೆ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಿಗೆ. ಸುತ್ತೋಲೆಯ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಆ ಸೌಲಭ್ಯ 2018ರಿಂದ ಇದೆ. ‘ಓಕೆ ಸರ್’ ಬದಲು ಮೆಸೇಜಿನ ಮೇಲೆ ಹೆಬ್ಬೆರಳಿನ ಗುರುತು ಒತ್ತಿ ಎಂದು ಹೇಳಿ. ಅದರ ಸದ್ದು ನಿಮಗೊಬ್ಬರಿಗೇ ಬರುತ್ತದೆ, ಉಳಿದವರಿಗೆ ಬರುವುದಿಲ್ಲ. ಮೇಲಿನಿಂದ ಬಂದ ಗಡುವನ್ನು ಇದ್ದ ಹಾಗೆ ಕೆಳಗೆ ಕಳಿಸಿ. ರಾತ್ರಿ ನೆನಪಾದದ್ದನ್ನು ರಾತ್ರಿಯೇ ಬರೆದಿಡಿ, ತಪ್ಪಿಲ್ಲ. ಜಿಮೇಲಿನಲ್ಲೂ ಔಟ್‌ಲುಕ್ಕಿನಲ್ಲೂ ಬೆಳಿಗ್ಗೆ ಒಂಬತ್ತಕ್ಕೆ ಹೋಗುವಂತೆ ಹೊತ್ತು ಗೊತ್ತುಮಾಡಬಹುದು. ಬೆಳಗಿನವರೆಗೆ ಕಾಯಲಾಗದಷ್ಟು ತುರ್ತಾಗಿದ್ದರೆ ಮೆಸೇಜು ಹಾಕಬೇಡಿ, ಕರೆ ಮಾಡಿ.